ಹಳೆಯ ಕಡತ ಯಾಕೆ ಬಿಚ್ಚುತ್ತೀರಿ?

ಹಾವೇರಿಯ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ: "ವಿರೋಧ ಪಕ್ಷ ಭ್ರಷ್ಟಾಚಾರದ ಬಗ್ಗೆ ಬಾಯಿ ತೆರೆದರೆ ಸಾಕು, 'ನೀವಿದ್ದಾಗ ಏನು ಮಾಡಿದಿರಿ' ಎಂದು ಶುರು ಮಾಡುತ್ತೀರಿ, ಹಾಡಿದ್ದೇ ಹಾಡೋ ಕಿಸಬಾಯಿದಾಸನ ಹಾಗೆ. ಇವತ್ತಿನ ಸರ್ಕಾರವನ್ನು ಕೇಳುವುದು ಬಿಟ್ಟು ಹಳೆಯ ಕಡತ ಯಾಕೆ ಬಿಚ್ಚುತ್ತೀರಿ?"

ನಿಮ್ಮ ಮಾತಿನಲ್ಲಿ ಒಂದಂಶ ನಿಜ, ಸ್ವಾಮಿ. ಆರೋಪ ಹೊರಿಸಿದವರ ಕೈ ಶುದ್ಧವಿಲ್ಲ ಎಂದ ಮಾತ್ರಕ್ಕೆ ಆರೋಪ ಸುಳ್ಳಾಗುವುದಿಲ್ಲ. ಉತ್ತರ ಹೇಳಬೇಕಾದವರು ಕುರ್ಚಿಯಲ್ಲಿರುವವರೇ. ಆದರೆ ಕಡತ ಬಿಚ್ಚಬೇಡಿ ಎಂದರೆ ಒಪ್ಪಲಾರೆ. ಲೋಕಾಯುಕ್ತದ ಕಡತವನ್ನೇ ತೆಗೆಯೋಣ.

2010ರ ಜುಲೈನಲ್ಲಿ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್, ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿ.ಮೀ. ನಡೆಯಿತು. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು, ಬಿಜೆಪಿಯ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2013ರಲ್ಲಿ ಕಾಂಗ್ರೆಸ್ ಗೆದ್ದಿತು. ಅದೇ ಕಾಂಗ್ರೆಸ್ ಸರ್ಕಾರ 2016ರ ಮಾರ್ಚ್ 14ರಂದು ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ರಚಿಸಿತು. ಲೋಕಾಯುಕ್ತ ಪೊಲೀಸರಿಗಿದ್ದ ಠಾಣೆಯ ಅಧಿಕಾರವನ್ನು ಹಿಂತೆಗೆದುಕೊಂಡಿತು.

ಠಾಣೆಯ ಅಧಿಕಾರ ಹೋದರೆ ಏನು ಹೋಗುತ್ತದೆ ಎಂಬುದು ಗೊತ್ತಿರಲಿ. ಲಂಚ ಕೇಳಿದ್ದಾರೆಂದು ನೀವು ದೂರು ಕೊಟ್ಟರೆ ಮೊದಲು ಎಫ್‌ಐಆರ್ ಆಗಬೇಕು. ಆಮೇಲೆ ಪಂಚ ಸಾಕ್ಷಿಗಳ ಎದುರು ನೋಟಿನ ನಂಬರುಗಳನ್ನು ಬರೆದುಕೊಂಡು, ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಸೀಲ್ ಹಾಕಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಗುಲಾಬಿ ನೀರೊಂದೇ ಸಾಲದು, ಲಂಚಕ್ಕೆ ಬೇಡಿಕೆ ಇಟ್ಟದ್ದೂ ಸಾಬೀತಾಗಬೇಕು. ದೂರುದಾರ ಕೋರ್ಟಿನಲ್ಲಿ ತಿರುಗಿಬಿದ್ದರೆ ಕೇಸು ಬೀಳುವುದು ಬಹುಪಾಲು ಅಲ್ಲಿಯೇ. ಎಫ್‌ಐಆರ್ ಹಾಕುವ ಅಧಿಕಾರವೇ ಇಲ್ಲದವರಿಗೆ ಇದರಲ್ಲಿ ಯಾವುದನ್ನೂ ಮಾಡಲಾಗುವುದಿಲ್ಲ. ವಿಚಾರಣೆ ಮಾಡಿ ಶಿಫಾರಸು ಬರೆಯಬಹುದು, ಅಷ್ಟೇ. ಎಸಿಬಿ ಇದ್ದದ್ದು ಮುಖ್ಯಮಂತ್ರಿಯ ಕೈಕೆಳಗಿನ ಆಡಳಿತ ಸುಧಾರಣೆ ಇಲಾಖೆಯಲ್ಲಿ. ಮಂತ್ರಿಗಳ ಮೇಲಿನ ದೂರನ್ನು ಅವರ ಮುಖ್ಯಸ್ಥರ ಅಧೀನದ ಪೊಲೀಸರೇ ತನಿಖೆ ಮಾಡುವ ಏರ್ಪಾಡು ಅದು.

ಬಿಜೆಪಿ ಆಗ ಬೊಬ್ಬೆ ಹೊಡೆದದ್ದು ಸರಿಯಾಗಿಯೇ ಇತ್ತು. ಎಸಿಬಿ ರದ್ದು ಮಾಡುತ್ತೇವೆ, ಲೋಕಾಯುಕ್ತಕ್ಕೆ ಬಲ ತುಂಬುತ್ತೇವೆ ಎಂದು 2018ರ ಪ್ರಣಾಳಿಕೆಯಲ್ಲೂ ಬರೆಯಿತು. ನಡುವಿನ 14 ತಿಂಗಳ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಎಸಿಬಿಯನ್ನು ಮುಟ್ಟಲಿಲ್ಲ. 2019ರ ಜುಲೈನಲ್ಲಿ ಬಂದ ಬಿಜೆಪಿ ಸರ್ಕಾರ? ಅದೂ ಮುಟ್ಟಲಿಲ್ಲ. ಎಸಿಬಿ ಹುಟ್ಟಿದ್ದು ಕಾನೂನಿನಿಂದಲ್ಲ, ಒಂದು ಸರ್ಕಾರಿ ಆದೇಶದಿಂದ. ಅದನ್ನು ರದ್ದು ಮಾಡಲು ಮಸೂದೆ ಬೇಡ, ಬಹುಮತ ಬೇಡ, ರಾಜ್ಯಪಾಲರ ಅಂಕಿತ ಬೇಡ. ಇನ್ನೊಂದು ಆದೇಶ ಸಾಕಿತ್ತು. ಮೂರು ವರ್ಷ ಆ ಆದೇಶ ಹೊರಡಲಿಲ್ಲ. ಕೊನೆಗೆ ಬೆಂಗಳೂರು ವಕೀಲರ ಸಂಘ, ಸಮಾಜ ಪರಿವರ್ತನ ಸಮುದಾಯ ಮುಂತಾದವರ ಅರ್ಜಿಗಳ ಮೇಲೆ 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ, ಠಾಣೆಯ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೇ ಮರಳಿಸಿತು. ಪಕ್ಷಗಳು ಮಾಡಬೇಕಾದ ಕೆಲಸವನ್ನು ಅರ್ಜಿದಾರರು ಮಾಡಿದರು.

ಈಗ 2024ಕ್ಕೆ ಬನ್ನಿ. ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ, ನಿವೇಶನಗಳ ವಿಷಯ ಹಿಡಿದು ಬಿಜೆಪಿ, ಜೆಡಿಎಸ್ ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ಮಾಡಿದವು. ತನಿಖೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಾಗ, ರಾಜ್ಯದ ಪೊಲೀಸರ ಮೇಲೆ ನಂಬಿಕೆಯಿಲ್ಲ, ಸಿಬಿಐ ಬೇಕು ಎಂದವು. ಆ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಆದರೆ ತಮ್ಮ ಕಾಲದಲ್ಲಿ ಎಸಿಬಿಯನ್ನು ಮುಖ್ಯಮಂತ್ರಿಯ ಕೈಕೆಳಗೇ ಬಿಟ್ಟವರು ಹೀಗೆಂದಾಗ ಸಾಮಾನ್ಯ ಮತದಾರನ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಮಾತು ಸರಿ, ಆಡುವವರನ್ನು ನಂಬಲಾಗದು ಅನ್ನಿಸುತ್ತದೆ. ಇದರ ಲಾಭ ಯಾರಿಗೆ ಹೇಳಿ? ಆಳುವ ಪಕ್ಷಕ್ಕೆ. "ನೀವೇನು ಮಾಡಿದ್ರಿ" ಎಂದು ಸದನದಲ್ಲಿ ಒಂದು ಸಾಲು ಹೇಳಿದರೆ ಅವರ ಉತ್ತರ ಮುಗಿಯಿತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದೂ ಇದೇ ಪಾಡು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡ ಬಿಜೆಪಿ ಸರ್ಕಾರ ಚುನಾವಣೆ ನಡೆಸದೆಯೇ ಹೋಯಿತು. 2023ರಲ್ಲಿ ಬಂದ ಕಾಂಗ್ರೆಸ್ ಕೂಡ ವರ್ಷಗಳನ್ನೇ ಕಳೆಯಿತು. ಹಾವೇರಿಯಲ್ಲಿ ಕುಡಿಯುವ ನೀರಿನ ಬಿಲ್ಲಿನ ಬಗ್ಗೆ ಪ್ರಶ್ನಿಸಲು ನಿಮಗೊಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲದ್ದನ್ನು ಯಾವ ಪಕ್ಷ ದೊಡ್ಡ ದನಿಯಲ್ಲಿ ಕೇಳೀತು?

ನೀವೇ ಒಂದು ಕೆಲಸ ಮಾಡಿ. ಮುಂದಿನ ಸಲ ನಿಮ್ಮೂರಿಗೆ ಬರುವ ವಿರೋಧ ಪಕ್ಷದ ಮುಖಂಡರನ್ನು ಕೇಳಿ: ಲಂಚದ ಕೇಸುಗಳಲ್ಲಿ ಅಭಿಯೋಜನೆಗೆ, ಅಂದರೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸಲು, ಸರ್ಕಾರದ ಅನುಮತಿ ಕೋರಿದ ಕಡತಗಳು ನಿಮ್ಮ ಕಾಲದಲ್ಲಿ ಎಷ್ಟು ಉಳಿದಿದ್ದವು? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಮೂರು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೊಂದು ತಿಂಗಳಲ್ಲಿ ಅವು ತೀರ್ಮಾನವಾಗಬೇಕು. ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.