ಹೆವೆನ್ ಆನ್ ಹೈ: 60 ನಿಮಿಷ ಸಾಲದಿದ್ದರೆ

ಫೈನಲ್ ಫ್ಯಾಂಟಸಿ 14 ಆನ್‌ಲೈನ್ ಗೇಮಿನ ಹೆವೆನ್ ಆನ್ ಹೈ ಗೋಪುರಕ್ಕೆ ಒಬ್ಬರೇ ಹೋದರೆ ಹತ್ತು ಮಹಡಿಗೆ 60 ನಿಮಿಷ ಸಾಲುತ್ತಿಲ್ಲ, ನೆಲದಲ್ಲಿ ಅಡಗಿರುವ ಟ್ರ್ಯಾಪ್ ತುಳಿದು ಸಾಯುತ್ತಿದ್ದೇನೆ ಅಂದಿದ್ದೀರಿ.

ಕಂಡ ರಾಕ್ಷಸರನ್ನೆಲ್ಲ ಕೊಲ್ಲುತ್ತಾ ಕೂರಬೇಡಿ. ಮೇಲಿನ ಮಹಡಿಯ ದಾರಿ ತೆರೆಯಲು ಕೆಲವನ್ನು ಕೊಂದರೆ ಸಾಕು, ಮ್ಯಾಪಿನಲ್ಲಿ ಗುರುತು ಬೆಳಗಿದ ಕೂಡಲೇ ಹೊರಡಿ. ಬೆಳ್ಳಿ ಪೆಟ್ಟಿಗೆ ಮಾತ್ರ ಬಿಡಬೇಡಿ: ಆಯುಧ, ಕವಚದ ಬಲ ಏರುವುದು ಅದರಿಂದಲೇ. ಬಲ ಕಡಿಮೆಯಿದ್ದರೆ ಪ್ರತಿ ಫೈಟೂ ಎಳೆದಾಡುತ್ತದೆ, ಸಮಯ ಸೋರುವುದು ಅಲ್ಲೇ. ಕೆಲವೊಮ್ಮೆ ಆ ಪೆಟ್ಟಿಗೆ ಸಿಡಿಯುತ್ತದೆ, ಎಚ್‌ಪಿ (ಜೀವಬಲ) ತುಂಬಿಸಿಕೊಂಡೇ ತೆರೆಯಿರಿ.

ಟ್ರ್ಯಾಪ್ ಇರುವುದು ಕೋಣೆಗಳಲ್ಲಿ, ಓಣಿಗಳಲ್ಲಲ್ಲ. ನಟ್ಟನಡುವೆ ಓಡದೆ ಗೋಡೆ ಸವರಿಕೊಂಡು ನಡೆಯಿರಿ. ರಾಕ್ಷಸರನ್ನು ಓಣಿಗೆ ಎಳೆದು ಹೊಡೆಯುವುದು ಇನ್ನೂ ಒಳ್ಳೆಯದು. ಪೊಮ್ಯಾಂಡರ್ (ಗೋಪುರದೊಳಗೆ ಸಿಗುವ, ಒಮ್ಮೆ ಬಳಸುವ ಸಹಾಯಕ ವಸ್ತು) ಒಂದೊಂದು ಬಗೆಯಲ್ಲಿ 3 ಮಾತ್ರ ಹಿಡಿಸುತ್ತವೆ. ಸೈಟ್ ಎಂಬ ಪೊಮ್ಯಾಂಡರ್ ಮೂರಾದರೆ ಒಂದನ್ನು ಬಳಸಿಬಿಡಿ, ಮ್ಯಾಪ್, ಟ್ರ್ಯಾಪ್ ಎರಡೂ ಕಾಣುತ್ತವೆ.