ಡಲ್ಲಾಸ್‌ನಿಂದ ಗ್ಲೆನ್ ರೋಸ್‌ಗೆ ಹೋಗಿ ಡೈನೋಸಾರ್ ಹೆಜ್ಜೆ ನೋಡಿ ಬರುವುದು: ಅಪ್ಪ-ಅಮ್ಮ, ಮಕ್ಕಳ ಜೊತೆ ಆಗುತ್ತಾ?

ಊರಿಂದ ಬಂದಿರುವ ಅಪ್ಪ-ಅಮ್ಮ, ಆರು ವರ್ಷದ ಮಗ ಜೊತೆಗಿದ್ದಾರೆ, ಆಗಸ್ಟ್‌ನಲ್ಲಿ ಹೋಗೋಣ ಅಂತಿದ್ದೇವೆ, ಅಷ್ಟು ದೂರ ಹೋಗಿ ಬರೀ ಕಲ್ಲಿನ ಗುಂಡಿ ನೋಡಿ ಬರಬೇಕಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ನದಿಯಲ್ಲಿ ನೀರು ಎಷ್ಟಿದೆ ಅಂತ ತಿಳಿದುಕೊಂಡು ಹೋಗಿ. ಉಳಿದದ್ದೆಲ್ಲ ಆಮೇಲಿನ ಮಾತು.

ನಾವು ಇದನ್ನು ಪೆಟ್ಟು ತಿಂದು ಕಲಿತೆವು. ಮೊದಲ ಸಲ ಹೋಗಿದ್ದು ಮೇ ತಿಂಗಳಲ್ಲಿ, ಹಿಂದಿನ ವಾರವೆಲ್ಲ ಮಳೆ. ಟೆಕ್ಸಾಸ್‌ನ ಗ್ಲೆನ್ ರೋಸ್ ಊರಿನ ಡೈನೋಸಾರ್ ವ್ಯಾಲಿ ಸ್ಟೇಟ್ ಪಾರ್ಕಿನಲ್ಲಿ ಹೆಜ್ಜೆಗಳಿರುವುದು ಪಲಕ್ಸಿ ನದಿಯ ತಳದ ಬಂಡೆಯ ಮೇಲೆಯೇ. ಅವತ್ತು ನದಿ ಕೆಂಪಗೆ, ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು. ಒಂದೇ ಒಂದು ಹೆಜ್ಜೆಯೂ ಕಾಣಲಿಲ್ಲ. ಆಗ ಐದು ವರ್ಷದವನಾಗಿದ್ದ ಮಗ ವಾಪಸ್ ಬರುವಾಗ ದಾರಿಯುದ್ದಕ್ಕೂ ಅತ್ತ.

ಎರಡನೇ ಸಲ ಆಗಸ್ಟ್ ಕೊನೆಯಲ್ಲಿ ಅಮ್ಮನನ್ನೂ ಕರೆದುಕೊಂಡು ಹೋದೆವು. ನದಿ ಅಲ್ಲಲ್ಲಿ ಮಾತ್ರ ಮೊಣಕಾಲು ಮುಳುಗುವಷ್ಟಿತ್ತು, ಬಂಡೆಯ ಬಹುಭಾಗ ಒಣಗಿತ್ತು. ಮಗಳು ಒಂದು ಗುಂಡಿಯಲ್ಲಿದ್ದ ಕೆಸರನ್ನು ಅಂಗೈಯಿಂದ ಸರಿಸಿದಳು. ಮೊದಲು ಮಧ್ಯದ ಬೆರಳು ಕಂಡಿತು, ಆಮೇಲೆ ಅಕ್ಕಪಕ್ಕದ ಎರಡು. ಬೆರಳ ತುದಿಯಲ್ಲಿ ಉಗುರು ಊರಿದ ಚೂಪಾದ ಗೆರೆ. ಒಳಗೆ ನಿಂತಿದ್ದ ನೀರಿನಲ್ಲಿ ಉಗುರಿನಷ್ಟು ಚಿಕ್ಕ ಮೀನುಗಳು ಓಡಾಡುತ್ತಿದ್ದವು. ಮಗ ಎರಡೂ ಪಾದ ಒಟ್ಟಿಗೆ ಇಟ್ಟು ನಿಂತ, ಇನ್ನೂ ಜಾಗ ಉಳಿದಿತ್ತು. ಅದು ಆಕ್ರೊಕ್ಯಾಂತೊಸಾರಸ್ ಎಂಬ ಮಾಂಸಾಹಾರಿಯದು ಎನ್ನುತ್ತಾರೆ. ಅಲ್ಲಿಂದ ಮುಂದಿನ ಹೆಜ್ಜೆ, ಅದರ ಮುಂದಿನದು, ಹೀಗೆ ಸಾಲು ಹಿಡಿದು ಹೊರಟರೆ ಒಂದು ಪ್ರಾಣಿ ಒಂದು ದಿನ ನಡೆದುಹೋದ ದಾರಿಯಲ್ಲೇ ನಾವೂ ನಡೆಯುತ್ತೇವೆ. ಮ್ಯೂಸಿಯಂನಲ್ಲಿ ಎಷ್ಟೋ ಮೂಳೆ ನೋಡಿದ್ದೇನೆ, ಯಾವುದೂ ನನ್ನನ್ನು ಹೀಗೆ ಅಲುಗಾಡಿಸಿರಲಿಲ್ಲ.

ಅಮ್ಮ ನಿಂತಿದ್ದು ದೊಡ್ಡ ಹೆಜ್ಜೆಯ ಹತ್ತಿರ. ಅದು ಉದ್ದ ಕತ್ತಿನ, ಸೊಪ್ಪು ತಿನ್ನುವ ಸೌರೋಪೊಸೈಡನ್‌ದು. ಹಿಂಗಾಲಿನ ಗುರುತು ಮೂರಡಿಯಷ್ಟು ಉದ್ದ, ಬೆರಳು ಅಷ್ಟು ಸ್ಪಷ್ಟವಿಲ್ಲ, ನೋಡಿದ ಕೂಡಲೇ ಹೆಜ್ಜೆ ಅನ್ನಿಸುವುದಿಲ್ಲ. ಅಮ್ಮ ಅದರ ಅಂಚಿನ ಮೇಲೆ ಕೈಯಾಡಿಸಿ, "ಕೆರೆ ಅಂಗಳದಲ್ಲಿ ಎಮ್ಮೆ ಕಾಲಿಟ್ಟಾಗ ಸುತ್ತ ಕೆಸರು ಉಬ್ಬಿ ಏಳಲ್ವಾ, ಅದೇ ಇದು" ಅಂದರು. ನೋಡಿದರೆ ನಿಜ. ಭಾರಕ್ಕೆ ಪಕ್ಕಕ್ಕೆ ಒತ್ತಿಕೊಂಡ ಕೆಸರು ದಿಂಡಿನ ಹಾಗೆ ಎದ್ದು, ಹಾಗೆಯೇ ಕಲ್ಲಾಗಿದೆ. ನಿಮ್ಮ ಅಪ್ಪ-ಅಮ್ಮ ಹಳ್ಳಿ ಕಡೆಯವರಾದರೆ ಅವರನ್ನೇ ಮುಂದೆ ಬಿಡಿ. ಕೆಸರು ತುಳಿದು ಬೆಳೆದವರ ಕಣ್ಣಿಗೆ ಇದು ಬೇಗ ಕಾಣುತ್ತದೆ.

ಮಕ್ಕಳಿಗೆ ಹೇಳಲು ಇಷ್ಟು ತಿಳಿದಿದ್ದರೆ ಸಾಕು. ಸುಮಾರು 11 ಕೋಟಿ 30 ಲಕ್ಷ ವರ್ಷಗಳ ಹಿಂದೆ ಈ ಜಾಗ ಸಮುದ್ರದ ಅಂಚು. ಚಿಪ್ಪುಗಳ ಸುಣ್ಣದಿಂದಾದ ಕೆಸರು ತೀರಾ ನೀರಾಗಿಯೂ ಇರಲಿಲ್ಲ, ತೀರಾ ಗಟ್ಟಿಯಾಗಿಯೂ ಇರಲಿಲ್ಲ. ಒತ್ತಿದ ಹೆಜ್ಜೆ ನಿಂತಿತು, ಮೇಲೆ ಬೇರೆ ಮಣ್ಣು ಬಂದು ಮುಚ್ಚಿತು, ಕಾಲಕ್ರಮೇಣ ಎಲ್ಲ ಕಲ್ಲಾಯಿತು. ಮೇಲಿನ ಮೆತ್ತನೆಯ ಪದರವನ್ನು ನದಿ ಕೊರೆದುಕೊಂಡು ಹೋದಂತೆ ಹೆಜ್ಜೆಗಳು ಹೊರಬಂದವು. 1908ರಲ್ಲಿ ಇಲ್ಲಿ ದೊಡ್ಡ ಪ್ರವಾಹ ಬಂತು, ಮರುವರ್ಷ ಜಾರ್ಜ್ ಆಡಮ್ಸ್ ಎಂಬ ಹುಡುಗ ಮೂರು ಬೆರಳಿನ ಹೆಜ್ಜೆಗಳನ್ನು ಕಂಡ.

1938ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ರೋಲಂಡ್ ಬರ್ಡ್ ಇಲ್ಲಿಗೆ ಬಂದು ಉದ್ದ ಕತ್ತಿನ ಡೈನೋಸಾರ್‌ಗಳ ಹೆಜ್ಜೆಗಳನ್ನು ಗುರುತಿಸಿದರು. ಅಷ್ಟು ದೊಡ್ಡ ದೇಹ ನೆಲದ ಮೇಲೆ ನಡೆಯಲಾರದು, ನೀರಿನಲ್ಲೇ ಇದ್ದಿರಬೇಕು ಎಂದು ತುಂಬ ಜನ ನಂಬಿದ್ದ ಕಾಲ ಅದು. ನಾಲ್ಕು ಕಾಲೂರಿ ನಡೆದ ಗುರುತು ಇಲ್ಲಿತ್ತು. 1940ರಲ್ಲಿ ಅವರು ಒಂದು ಸಾಲನ್ನೇ ತುಂಡು ತುಂಡಾಗಿ ಕತ್ತರಿಸಿ ತೆಗೆಸಿದರು. ಒಂದು ಭಾಗ ನ್ಯೂಯಾರ್ಕಿಗೆ, ಇನ್ನೊಂದು ಆಸ್ಟಿನ್‌ಗೆ ಹೋಯಿತು. ಅದರಲ್ಲಿ ದೊಡ್ಡ ಪ್ರಾಣಿಯ ಹಿಂದೆಯೇ ಮೂರು ಬೆರಳಿನದೂ ನಡೆದಿದೆ. ಅದು ಬೇಟೆ ಎಂದು ಬರ್ಡ್ ಹೇಳಿದರು, ಎಲ್ಲ ತಜ್ಞರೂ ಒಪ್ಪುವುದಿಲ್ಲ.

ಗ್ಲೆನ್ ರೋಸ್‌ನಲ್ಲಿ ಡೈನೋಸಾರ್ ಹೆಜ್ಜೆಯ ಪಕ್ಕದಲ್ಲೇ ಮನುಷ್ಯನ ಹೆಜ್ಜೆಯೂ ಇದೆ ಎಂಬ ಮಾತು ಕಿವಿಗೆ ಬೀಳಬಹುದು. ಮಕ್ಕಳಿಗೆ ಸರಿಯಾದದ್ದನ್ನು ಹೇಳಿ. ಕೆಲವು ಡೈನೋಸಾರ್‌ಗಳು ಹಿಮ್ಮಡಿಯ ಭಾಗವನ್ನೂ ಊರಿ ನಡೆದಿವೆ, ಬೆರಳಿನ ಜಾಗಕ್ಕೆ ಮಣ್ಣು ತುಂಬಿ ಉದ್ದನೆಯ ಗುರುತು ಮಾತ್ರ ಉಳಿದಿದೆ. 1930ರ ದಶಕದ ಆರ್ಥಿಕ ಕುಸಿತದ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಕೆಲವರು ಕಲ್ಲಿನಲ್ಲಿ ಸುಳ್ಳು ಹೆಜ್ಜೆ ಕೆತ್ತಿ ಮಾರಿದ್ದೂ ಉಂಟು.

ವಾಪಸ್ ಬರುವಾಗ ಮಗಳು, "ಅಜ್ಜಿ, ಮಧುಗಿರಿಯಲ್ಲಿ ಯಾಕೆ ಇಂಥದ್ದಿಲ್ಲ?" ಅಂತ ಕೇಳಿದಳು. ಮಧುಗಿರಿ ಬೆಟ್ಟದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ, ನೆಲದಾಳದಲ್ಲಿ ಕರಗಿದ್ದು ಆರಿ ಗಟ್ಟಿಯಾದ ಕಲ್ಲು ಅದು, ಡೈನೋಸಾರ್ ಹುಟ್ಟುವ ಹೊತ್ತಿಗೆ ಆ ಬಂಡೆ ಆಗಲೇ ಹಳೆಯದು ಅಂದೆ. ಅಮ್ಮನಿಗೆ ಅದು ತುಂಬ ಹಿಡಿಸಿತು, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇನ್ನು ನಿಮ್ಮ ದಿನದ ಲೆಕ್ಕ. ಡಲ್ಲಾಸ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆಯ ಮೇಲಾಗುತ್ತದೆ. ಶನಿವಾರ, ಭಾನುವಾರ ಜಾಗ ತುಂಬಿಬಿಡುವುದರಿಂದ ಪ್ರವೇಶವನ್ನು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ. ನಾವು ಹೋದಾಗ ದೊಡ್ಡವರಿಗೆ 8 ಡಾಲರ್, 12 ವರ್ಷದವರೆಗಿನ ಮಕ್ಕಳಿಗೆ ಉಚಿತ. ಬಿಸಿಲು ವಿಪರೀತ, ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಅಮ್ಮ ಚಪ್ಪಲಿಯಲ್ಲಿ ಬಂದು ಒಂದು ಕಡೆ ಜಾರಿದರು, ಪುಣ್ಯಕ್ಕೆ ನಾನು ಕೈ ಹಿಡಿದಿದ್ದೆ. ಎಲ್ಲರಿಗೂ ನೀರಿಗೆ ಒಗ್ಗುವ, ಹಿಂದೆ ಪಟ್ಟಿ ಇರುವ ಚಪ್ಪಲಿಯೋ ಶೂವೋ ಇರಲಿ, ಹಿರಿಯರಿಗೆ ಊರುಗೋಲು. ಬುತ್ತಿ ಕಟ್ಟಿಕೊಂಡು ಹೋಗಿ, ನೆರಳಿನಲ್ಲಿ ಕೂತು ಮೊಸರನ್ನ ತಿನ್ನಲು ಮೇಜುಗಳಿವೆ. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿದ್ದ ಎರಡು ದೊಡ್ಡ ಫೈಬರ್‌ಗ್ಲಾಸ್ ಡೈನೋಸಾರ್‌ಗಳೂ ಪಾರ್ಕಿನಲ್ಲಿವೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಗ ಅಲ್ಲಿಂದ ಕದಲುವುದಿಲ್ಲ.

ಹೊರಡುವ ಹಿಂದಿನ ದಿನ ಪಾರ್ಕಿಗೆ ಒಂದು ಫೋನ್ ಮಾಡಿ, "ಇವತ್ತು ಯಾವ ಜಾಗದಲ್ಲಿ ಹೆಜ್ಜೆ ಕಾಣುತ್ತಿದೆ?" ಅಂತ ಕೇಳಿ. ನೀರು ಜಾಸ್ತಿ ಅಂದರೆ ಒಂದು ವಾರ ಮುಂದಕ್ಕೆ ಹಾಕಿ.