ಸಂಪಾದಕರ ಉತ್ತರ: ಜೀವ ಕಾಯುವ ನಿಯಮಕ್ಕೂ ವಿನಾಯಿತಿಯೇ?

ಆತ್ಮೀಯ ಓದುಗರೇ,

ರಾಯಚೂರಿನಿಂದ ನೀವು ಬರೆದ ಪತ್ರ ಓದಿದೆ. ಕಳೆದ ಸಂಚಿಕೆಯ ಅಮೆರಿಕದ ಕಲ್ಲಿದ್ದಲು ಗಣಿಗಳ ಲೇಖನದಲ್ಲಿ ‘ಗಣಿ ಕಂಪನಿಗಳು ಸುರಕ್ಷತಾ ನಿಯಮದಿಂದ ವಿನಾಯಿತಿ ಕೇಳಬಹುದು’ ಎಂಬ ಮಾತು ಬಂದಿತ್ತು. ಅದಕ್ಕೆ ನೀವು, ‘ಜೀವ ಉಳಿಸೋ ನಿಯಮಕ್ಕೂ ವಿನಾಯಿತಿ ಅಂದ್ರೆ ಏನರ್ಥ? ದುಡ್ಡಿದ್ದವರು ಕೇಳಿದ ತಕ್ಷಣ ಕೊಟ್ಟುಬಿಡ್ತಾರಾ? ನಮ್ಮಲ್ಲೂ ಹೀಗೇನಾ?’ ಎಂದು ಕೇಳಿದ್ದೀರಿ. ಮಗ ಸುರತ್ಕಲ್‌ನಲ್ಲಿ ಮೈನಿಂಗ್ ಎಂಜಿನಿಯರಿಂಗ್ ಓದುತ್ತಿದ್ದಾನೆ, ನಾಳೆ ಗಣಿಗೆ ಇಳಿಯುವವನು ಎಂದೂ ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ವಿನಾಯಿತಿಯನ್ನೇ ತೆಗೆದುಹಾಕಬೇಕು ಎಂಬ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆರಿಕದಲ್ಲಿ 1968ರ ನವೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿ ಸ್ಫೋಟಿಸಿ 78 ಜನ ಸತ್ತರು. ಮರುವರ್ಷವೇ ಬಿಗಿಯಾದ ಕಾಯ್ದೆ ಬಂತು. 1976ರಲ್ಲಿ ಕೆಂಟಕಿಯ ಸ್ಕೋಷಿಯಾ ಗಣಿಯಲ್ಲಿ ಎರಡು ದಿನಗಳ ಅಂತರದಲ್ಲಿ ಎರಡು ಸ್ಫೋಟಗಳಾಗಿ 26 ಜನ ಹೋದರು. ಅವರಲ್ಲಿ ಮೂವರು ಸರ್ಕಾರದ ಇನ್‌ಸ್ಪೆಕ್ಟರುಗಳು. 1977ರಲ್ಲಿ ಕಾಯ್ದೆ ಇನ್ನಷ್ಟು ಗಟ್ಟಿಯಾಯಿತು. ವಿನಾಯಿತಿಯ ದಾರಿ ಇರುವುದೂ ಇದೇ 1977ರ ಕಾಯ್ದೆಯಲ್ಲಿ, 101(ಸಿ) ಕಲಂನಲ್ಲಿ.

ಆ ಕಲಂ ಕೊಡುವ ಆಧಾರ ಎರಡೇ. ಒಂದು, ನಿಯಮ ಕೊಡುವಷ್ಟೇ ರಕ್ಷಣೆಯನ್ನು ಬೇರೆ ವಿಧಾನವೊಂದು ಎಲ್ಲ ಕಾಲಕ್ಕೂ ಕೊಡುತ್ತದೆ, ಒಂದು ಚೂರೂ ಕಮ್ಮಿಯಾಗುವುದಿಲ್ಲ ಎಂದು ತೋರಿಸಬೇಕು. ಇಲ್ಲವೇ, ಈ ಗಣಿಯಲ್ಲಿ ಆ ನಿಯಮ ಪಾಲಿಸಿದರೇ ಕಾರ್ಮಿಕರ ಸುರಕ್ಷತೆ ಕಡಿಮೆಯಾಗುತ್ತದೆ ಎಂದು ತೋರಿಸಬೇಕು. ಖರ್ಚು ಜಾಸ್ತಿ, ಉತ್ಪಾದನೆ ನಿಧಾನ ಎಂಬುದು ಆಧಾರವೇ ಅಲ್ಲ. ಇನ್ನೂ ಒಂದು ಮಾತಿದೆ: ಈ ದಾರಿ ಸುರಕ್ಷತಾ ನಿಯಮಗಳಿಗೆ ಮಾತ್ರ, ಆರೋಗ್ಯದ ನಿಯಮಗಳಿಗಲ್ಲ. ಅಲ್ಲಿ ಗಣಿಯ ಗಾಳಿಯಲ್ಲಿ ಕಲ್ಲಿದ್ದಲ ಧೂಳು ಘನ ಮೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿ 2016ರಿಂದ ಇದೆ. ಅದನ್ನು ಸಡಿಲ ಮಾಡಿ ಎಂದು ಈ ಕಲಂ ಹಿಡಿದು ಯಾರೂ ಅರ್ಜಿ ಹಾಕುವಂತಿಲ್ಲ.

‘ನಿಯಮ ಪಾಲಿಸಿದರೆ ಅಪಾಯವಾ?’ ಎಂದು ನಿಮಗೆ ಅನ್ನಿಸಬಹುದು. ಆಗುತ್ತದೆ. ಗಣಿಯೊಳಗೆ ಕೆಲಸ ಮುಗಿಸಿ ಹೊರಬರುವ ಗಾಳಿಗೆ ಬೇರೆ ದಾರಿ ಇರುತ್ತದೆ. ವಾರಕ್ಕೊಮ್ಮೆ ಒಬ್ಬ ಪರೀಕ್ಷಕ ಆ ದಾರಿಯುದ್ದಕ್ಕೂ ನಡೆದು ಗಾಳಿ ಸರಿಯಾಗಿ ಹರಿಯುತ್ತಿದೆಯಾ, ಬೆಂಕಿ ಹತ್ತಿಕೊಳ್ಳುವ ಮೀಥೇನ್ ಅನಿಲ ಎಷ್ಟಿದೆ ಎಂದು ನೋಡಬೇಕು ಎನ್ನುತ್ತದೆ ನಿಯಮ. ಒಳ್ಳೆಯ ನಿಯಮ. ಆದರೆ ಗಣಿ ಹಳೆಯದಾದಂತೆ ಆ ದಾರಿಯ ಛಾವಣಿ ಕುಸಿದು, ಅಲ್ಲಲ್ಲಿ ಬಂಡೆ ಬಿದ್ದಿರುತ್ತದೆ. ಅಲ್ಲಿಗೆ ಮನುಷ್ಯನನ್ನು ಕಳಿಸುವುದೆಂದರೆ ಸಾವಿನ ಬಾಯಿಗೆ ತಳ್ಳಿದ ಹಾಗೆ. ಅದನ್ನು ಸರಿಪಡಿಸಲು ಹೋಗುವವರಿಗೂ ಅದೇ ಗತಿ. ಇಂಥ ಕಡೆ ಕಂಪನಿ, ‘ಒಳಗೆ ನಡೆಯುವ ಬದಲು ಗಾಳಿ ಹೋಗುವ ಮತ್ತು ಬರುವ ತುದಿಗಳಲ್ಲಿ ಅಳೆಯುವ ಜಾಗ ಮಾಡಿ, ಗಾಳಿಯ ಪ್ರಮಾಣ, ಮೀಥೇನ್, ಆಮ್ಲಜನಕ ನೋಡುತ್ತೇವೆ’ ಎಂದು ಅರ್ಜಿ ಹಾಕುತ್ತದೆ. ಅದನ್ನು ಸುಮ್ನೆ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಳೆಯ ತೈಲ, ಅನಿಲ ಬಾವಿಗಳ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದ ಪೂರ್ವ ಭಾಗದ ಅಪಲೇಶಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲ ಪದರವನ್ನು ತೂತು ಮಾಡಿಕೊಂಡು ಹೋದ ಹಳೆಯ ಬಾವಿಗಳು ಎಷ್ಟೋ ಇವೆ. ಬಾವಿಯ ಸುತ್ತ 300 ಅಡಿ ವ್ಯಾಸದಷ್ಟು ಕಲ್ಲಿದ್ದಲನ್ನು ಮುಟ್ಟದೆ ಬಿಡಬೇಕು ಎಂಬುದು ಸಾಮಾನ್ಯ ನಿಯಮ. ಕಲ್ಲಿದ್ದಲು ಕಡಿಯುತ್ತಾ ಬಾವಿಯನ್ನೇ ಸೀಳಿಕೊಂಡು ಮುಂದೆ ಹೋಗಬೇಕೆಂದರೆ ಅರ್ಜಿ ಹಾಕಬೇಕು. ಅಂಥ ಅರ್ಜಿಗಳಿಗೆ ಒಪ್ಪಿಗೆ ಕೊಡುವಾಗ ಹಾಕುವ ಷರತ್ತುಗಳನ್ನು ಓದಬೇಕು ನೀವು. ಮೊದಲು ಬಾವಿಯ ಕಸವನ್ನೆಲ್ಲ ತೆಗೆದು, ಪದರಕ್ಕಿಂತ ಬಹಳ ಕೆಳಗಿನಿಂದ ಸಿಮೆಂಟ್ ತುಂಬಿಕೊಂಡು ಬಂದು ಮುಚ್ಚಬೇಕು. ಯಂತ್ರ ಬಾವಿಯ ಹತ್ತಿರ ಬರುವಾಗ ಅಧಿಕಾರಿಗಳಿಗೂ ಕಾರ್ಮಿಕರ ಪ್ರತಿನಿಧಿಗೂ ಮೊದಲೇ ತಿಳಿಸಬೇಕು. ಬೆಂಕಿ ಆರಿಸುವ ಸಾಮಾನು ಪಕ್ಕದಲ್ಲೇ ಇರಬೇಕು. ಬಾವಿ ಇನ್ನು 30 ಅಡಿ ದೂರ ಇದೆ ಎನ್ನುವಾಗಿನಿಂದ ಹತ್ತು ನಿಮಿಷಕ್ಕೊಮ್ಮೆ ಮೀಥೇನ್ ನೋಡಬೇಕು. ಆ ಕೆಲಸಕ್ಕೆ ಬೇಕಾದವರನ್ನು ಬಿಟ್ಟು ಬೇರೆ ಯಾರೂ ಅಲ್ಲಿರಬಾರದು. ಆದೇಶದಲ್ಲಿ ಬರೆದ ಮೇಲೆ ಈ ಷರತ್ತುಗಳೇ ಆ ಗಣಿಗೆ ಕಾನೂನು. ಒಂದನ್ನು ಮುರಿದರೂ ಮೂಲ ನಿಯಮ ಮುರಿದ ಲೆಕ್ಕ.

ಕೊಡುವವರು ಯಾರು ಎಂದು ಕೇಳಿದ್ದೀರಿ. ಅಮೆರಿಕದ ಕಾರ್ಮಿಕ ಇಲಾಖೆಯ ಕೆಳಗೆ ಗಣಿ ಸುರಕ್ಷತೆ ಮತ್ತು ಆರೋಗ್ಯ ಆಡಳಿತ ಎಂಬ ಸಂಸ್ಥೆ ಇದೆ, ಎಂಎಸ್‌ಎಚ್‌ಎ ಎನ್ನುತ್ತಾರೆ. ಅರ್ಜಿಯ ಸಾರಾಂಶ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಅಭಿಪ್ರಾಯ ಹೇಳಲು 30 ದಿನ ಸಮಯ. ಅರ್ಜಿಯ ಪ್ರತಿ ಕಾರ್ಮಿಕರ ಪ್ರತಿನಿಧಿಗೆ ಹೋಗಬೇಕು; ಪ್ರತಿನಿಧಿ ಇಲ್ಲದಿದ್ದರೆ ಗಣಿಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ತನಿಖೆ ಮಾಡುವವರು ಗಣಿಗೇ ಹೋಗಿ ನೋಡುತ್ತಾರೆ. ಆಮೇಲೆ ಕಾರಣ ಸಮೇತ ಲಿಖಿತ ತೀರ್ಮಾನ. ಒಪ್ಪದವರು ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು, ಅದರ ಮೇಲೂ ಮೇಲ್ಮನವಿ ಇದೆ. ಕಂಪನಿಯಷ್ಟೇ ಅಲ್ಲ, ಕಾರ್ಮಿಕರ ಪ್ರತಿನಿಧಿಯೂ ಅರ್ಜಿ ಹಾಕಬಹುದು. ಪರಿಸ್ಥಿತಿ ಬದಲಾದರೆ ಕೊಟ್ಟದ್ದನ್ನು ವಾಪಸ್ ಪಡೆಯಲೂಬಹುದು. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಆ ನೋಟಿಸ್ ಬೋರ್ಡು. ಮೇಲಿನ ಬಂಡೆ ಬಿದ್ದರೆ ಅದು ಯಾರ ತಲೆ ಮೇಲೆ ಬೀಳುತ್ತದೋ ಅವನಿಗೆ ವಿಷಯ ಗೊತ್ತಿರಬೇಕು, ಬೇಡ ಎನ್ನುವ ಹಕ್ಕೂ ಇರಬೇಕು. ಆಮೇಲೆಯೇ ಉಳಿದ ಮಾತು.

ಕೆಲವೊಮ್ಮೆ ತೀರ್ಮಾನ ನಿಜಕ್ಕೂ ಕಷ್ಟ. ಧೂಳು ಸೋಸಿ, ಬ್ಯಾಟರಿ ಫ್ಯಾನಿನಿಂದ ಮುಖಕ್ಕೆ ಶುದ್ಧ ಗಾಳಿ ಬಿಡುವ ಹೆಲ್ಮೆಟ್ ಒಂದಿತ್ತು. ಎಂಎಸ್‌ಎಚ್‌ಎ ಒಪ್ಪಿಗೆ ಇದ್ದ ಆ ಮಾಡೆಲ್ ಅನ್ನು ತಯಾರಕರಾದ 3ಎಂ ಕಂಪನಿ 2020ರಲ್ಲಿ ನಿಲ್ಲಿಸಿತು. ಹೊಸ ಮಾಡೆಲ್‌ಗಳಿಗೆ ಬೇರೆ ಸಂಸ್ಥೆಗಳ ಪ್ರಮಾಣಪತ್ರ ಇತ್ತು, ಎಂಎಸ್‌ಎಚ್‌ಎಯದು ಇರಲಿಲ್ಲ. ಮೀಥೇನ್ ಇರುವ ಕಡೆ ಬ್ಯಾಟರಿಯ ಒಂದು ಕಿಡಿ ಸಾಕು, ಗಣಿಯೇ ಹೊತ್ತಿಕೊಳ್ಳುತ್ತದೆ. ಹಾಗಂತ ಹೆಲ್ಮೆಟ್ ಇಲ್ಲದೆ ಬಿಟ್ಟರೆ ಶ್ವಾಸಕೋಶ ವರ್ಷ ವರ್ಷ ಸವೆಯುತ್ತದೆ. ಗಣಿಗಳು ಹೊಸ ಹೆಲ್ಮೆಟ್ ಬಳಸಲು ಅರ್ಜಿ ಹಾಕಿದವು. ಮೀಥೇನ್ ಶೇ. 1 ಮುಟ್ಟಿದರೆ ತಕ್ಷಣ ಆಫ್ ಮಾಡಿ ಹೊರಗೆ ತರುತ್ತೇವೆ, ಅಂಥ ಜಾಗದಲ್ಲಿ ಬ್ಯಾಟರಿ ಬದಲಿಸುವುದಿಲ್ಲ ಎಂಬಂಥ ಮಾತು ಕೊಟ್ಟವು. ಎರಡೂ ಕಡೆ ಜೀವವೇ ಇದೆ, ಅಲ್ವಾ? ಇಂಥದ್ದನ್ನು ಒಂದೊಂದು ಗಣಿ ನೋಡಿಯೇ ತೀರ್ಮಾನಿಸಬೇಕು, ಬೇರೆ ದಾರಿಯಿಲ್ಲ.

ನನಗೆ ಭಯ ಇರುವುದು ಬೇರೆ ಕಡೆ. ಕಲ್ಲಿದ್ದಲು ಸಾಗಿಸುವ ಬೆಲ್ಟ್ ಇರುವ ಸುರಂಗದ ಗಾಳಿಯನ್ನು ಕೆಲಸದ ಜಾಗಕ್ಕೆ ಬಿಡಬಾರದು ಎಂಬ ನಿಯಮಕ್ಕೆ ಮೊದಲು ಒಂದೊಂದೇ ಗಣಿ ವಿನಾಯಿತಿ ಪಡೆಯಿತು. ಬೆಲ್ಟಿಗೆ ಬೆಂಕಿ ಬಿದ್ದರೆ ಹೊಗೆ ನೇರ ಕಾರ್ಮಿಕರತ್ತ ಹೋಗುತ್ತದೆ, ಅದಕ್ಕೇ ಆ ನಿಯಮ ಇದ್ದದ್ದು. 2004ರಲ್ಲಿ ಅರ್ಜಿಯೇ ಬೇಡ, ಇಂತಿಂಥ ಎಚ್ಚರಿಕೆ ವ್ಯವಸ್ಥೆ ಇದ್ದರೆ ಸಾಕು ಎಂದು ನಿಯಮವನ್ನೇ ಬದಲಿಸಿದರು. 2006ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ಅರಕೋಮಾ ಗಣಿಯಲ್ಲಿ ಬೆಲ್ಟಿಗೆ ಬೆಂಕಿ ಬಿದ್ದು ಇಬ್ಬರು ಸತ್ತರು. ಅಲ್ಲಿ ಗಾಳಿ ತಡೆಯುವ ಗೋಡೆಗಳೇ ಇರದೆ, ಕಾರ್ಮಿಕರು ಪಾರಾಗುವ ದಾರಿಗೇ ಹೊಗೆ ನುಗ್ಗಿತ್ತು. ಆ ಸಾವಿಗೆ 2004ರ ನಿಯಮವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಅದೇ ವರ್ಷ ಅಮೆರಿಕದ ಸಂಸತ್ತು ಬೆಲ್ಟ್ ಗಾಳಿಯ ಬಗ್ಗೆ ತಜ್ಞರ ಸಮಿತಿ ಮಾಡಿಸಿತು, 2008ರಲ್ಲಿ ನಿಯಮ ಮತ್ತೆ ಬಿಗಿಯಾಯಿತು. ಒಂದೊಂದಾಗಿ ಕೊಟ್ಟ ವಿನಾಯಿತಿ ಹೀಗೆ ರೂಢಿಯಾಗಿಬಿಟ್ಟಾಗ ಪ್ರತಿ ಗಣಿಯನ್ನೂ ಕಣ್ಣಿಟ್ಟು ನೋಡುವುದು ನಿಂತುಹೋಗುತ್ತದೆ.

ಇನ್ನು ನಮ್ಮ ದೇಶ. ನಿಮ್ಮ ಊರಿನ ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೂ ಕಲ್ಲಿದ್ದಲು ಬರುತ್ತದೆ. ಆದ್ದರಿಂದ ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿ ಇಲ್ಲದಿದ್ದರೂ ಈ ಪ್ರಶ್ನೆ ನಮ್ಮದೂ ಹೌದು. 1952ರ ಗಣಿ ಕಾಯ್ದೆಯ 83ನೇ ಕಲಂ ವಿನಾಯಿತಿಯ ಅಧಿಕಾರ ಕೊಟ್ಟಿತ್ತು. ಗಣಿಯ ಪರಿಸ್ಥಿತಿಯಲ್ಲಿ ನಿಯಮ ಪಾಲನೆ ಅನಗತ್ಯ ಅಥವಾ ಕಾರ್ಯಸಾಧ್ಯವಲ್ಲ ಎಂದು ಅಧಿಕಾರಿಗೆ ಅನ್ನಿಸಿದರೆ ಸಾಕಿತ್ತು. ಅಮೆರಿಕದ ಮಾತಿನ ಜೊತೆ ಇಟ್ಟು ನೋಡಿ. ‘ರಕ್ಷಣೆ ಕಮ್ಮಿಯಾಗಬಾರದು’ ಎಂಬ ಅಳತೆಗೋಲು ಈ ಕಲಂನಲ್ಲಿ ಇರಲಿಲ್ಲ. ಎಲ್ಲ ವಿನಾಯಿತಿಯೂ ಕೆಟ್ಟದ್ದಲ್ಲ. ಹೆಂಗಸರು ಭೂಮಿಯೊಳಗೆ ಇಳಿದು ಕೆಲಸ ಮಾಡುವುದನ್ನು ಅದೇ ಕಾಯ್ದೆಯ 46ನೇ ಕಲಂ ತಡೆದಿತ್ತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆ ಕೆಲಸಗಳಿಗೆ ಅವರಿಗೆ ಬಾಗಿಲು ತೆರೆದದ್ದು ಇದೇ 83ನೇ ಕಲಂ. ಆದರೆ 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾದಲ್ಲಿ ನೀರು ನುಗ್ಗಿ 375 ಜನ ಸತ್ತ ದೇಶ ನಮ್ಮದು. ನೀರು ತುಂಬಿರಬಹುದಾದ ಹಳೆಯ ಸುರಂಗದ 60 ಮೀಟರ್ ಹತ್ತಿರ ಬಂದ ಮೇಲೆ ಲಿಖಿತ ಅನುಮತಿ ಇಲ್ಲದೆ ಮುಂದೆ ಹೋಗಬಾರದು ಎಂಬ ನಿಯಮ 1957ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲಿತ್ತು. ಅಂಥ ಅನುಮತಿ ಒಂದು ಕಾಗದವಷ್ಟೇ ಅಲ್ಲ. ಕೆಳಗೆ ಇಳಿಯುವವರಿಗೆ ಅದು ಓದಲು ಸಿಗಬೇಕು.

1952ರ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ. ಹಾಗಾಗಿ ಕೇಳಲು ಇದೇ ಸರಿಯಾದ ಹೊತ್ತು. ಪ್ರತಿ ವಿನಾಯಿತಿ ಅರ್ಜಿಯೂ ಗಣಿಯ ಬಾಯಲ್ಲಿ ತೆಲುಗಿನಲ್ಲೋ ಹಿಂದಿಯಲ್ಲೋ ಬಂಗಾಳಿಯಲ್ಲೋ, ಅಲ್ಲಿಯ ಕಾರ್ಮಿಕರು ಓದುವ ಭಾಷೆಯಲ್ಲಿ ಅಂಟಿಸಿರಬೇಕು. ಕಾಯಂ ನೌಕರರಿಗೆ ಸಿಗುವ ತಿಳಿವಳಿಕೆ ಗುತ್ತಿಗೆ ಕಾರ್ಮಿಕರಿಗೂ ಸಿಗಬೇಕು. ಕೊಟ್ಟ ಆದೇಶದಲ್ಲಿ ರಕ್ಷಣೆ ಹೇಗೆ ಕಮ್ಮಿಯಾಗುವುದಿಲ್ಲ ಎಂದು ಬರೆದಿರಬೇಕು.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಕೆಲಸಕ್ಕೆ ಸೇರಿದ ಗಣಿಯಲ್ಲಿ ಜಾರಿಯಲ್ಲಿರುವ ಅನುಮತಿ, ವಿನಾಯಿತಿ ಆದೇಶಗಳನ್ನು ಮೊದಲ ವಾರವೇ ಕೇಳಿ ಓದಲಿ. ಅದರಲ್ಲಿ ಬರೆದ ಷರತ್ತು ಕೆಳಗೆ ನಡೆಯುತ್ತಿದೆಯಾ ಎಂದು ಶಿಫ್ಟಿನವರನ್ನೇ ವಿಚಾರಿಸಲಿ. ನಡೆಯುತ್ತಿಲ್ಲ ಎಂದು ಕಂಡರೆ ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಕೊಡಲಿ.

ಇಂತು,
ಸಂಪಾದಕ